ನಲವತ್ತೇಳು ನಂಬರಿನ ಬಿಲ್ಲೆ

ಆ ವರ್ಷದ ಮಳೆಗಾಲದಲ್ಲಿ ವಾಡಿ ಸ್ಟೇಷನ್ನಿನ ಹಿಂದಿನ ಓಣಿಯ ಮುಂದೆ ಒಂದು ಭಾರಿ ಪ್ರಶ್ನೆ ಬಂದು ನಿಂತಿತ್ತು. ಪುರಸಭೆ ಅದನ್ನು ಚರ್ಚೆಗೆ ತೆಗೆದುಕೊಳ್ಳಲಿಲ್ಲವೆಂಬುದು ಪುರಸಭೆಯ ದುರ್ದೈವ. ಪ್ರಶ್ನೆ ಇಷ್ಟೇ: ಹಮಾಲ ಭೀಮಶ್ಯಾನ ಹೊರಸು ತಲೆಬಾಗಿಲ ಬಳಿಯೇ ಇರಬೇಕೋ, ಒಳಕೋಣೆಗೆ ಹೋಗಬೇಕೋ.

ಹೊರಸೆಂದರೆ ಅಂಥ ಸಿಂಹಾಸನವೇನಲ್ಲ. ಜಾಲಿ ಕಟ್ಟಿಗೆಯ ನಾಲ್ಕು ಕಾಲು, ಪುಂಡಿ ನಾರಿನ ಹುರಿ, ಮೇಲೊಂದು ಕೌದಿ. ಹೆಂಡತಿ ಲಾಲಮ್ಮನ ವಾದವೇನೆಂದರೆ, ಬಾಗಿಲ ಬಳಿ ಸಿಮೆಂಟಿನ ಧೂಳು ಬರುತ್ತದೆ, ನೊಣ ಬರುತ್ತವೆ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯ ಅಂಬುಬಾಯಿ ಬರುತ್ತಾಳೆ. ಮೂರೂ ಗಾಯಕ್ಕೆ ಒಳ್ಳೆಯವಲ್ಲ. ಗಂಡನ ವಾದ ಒಂದೇ ಮಾತಿನದು: "ಗಾಳಿ ಬರ್ತದ."

"ಗಾಳಿ ಒಳಗೂ ಬರ್ತದ. ಫ್ಯಾನ್ ಅದ."

"ಫ್ಯಾನಿನ ಗಾಳಿ ಗಾಳಿ ಅಲ್ಲ."

ಅಂಬುಬಾಯಿಯ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಕೇಳದೆಯೇ ಕೊಡುವುದು ಅವಳ ದೊಡ್ಡ ಗುಣ. "ತಲಿ ಉತ್ತರಕ್ಕ ಹಾಕಿ ಮಲಗ್ಯಾನವಾ ನಿನ್ನ ಗಂಡ. ಹೆಣ ಮಲಗಿಸಿದಂಗ. ಗಾಯ ಹ್ಯಾಂಗ ಮಾಯ್ತದ?" ಎಂದು ಅವಳು ಬುದ್ಧನ ಪಟದ ಕೆಳಗೇ ಕುಳಿತು ದಿಕ್ಕಿನ ಶಾಸ್ತ್ರ ಹೇಳಿದಳು. ಪಟದೊಳಗಿನವನು ಎಂದಿನಂತೆ ಮುಗುಳ್ನಕ್ಕ.

ಗಾಯವಾಗಿ ನಾಲ್ಕು ತಿಂಗಳಾಗಿತ್ತು. ಮೇ ತಿಂಗಳಲ್ಲಿ ಗೂಡ್ಸ್ ಶೆಡ್ಡಿನಲ್ಲಿ ಗೊಬ್ಬರದ ಚೀಲ ಇಳಿಸುವಾಗ ಚಪ್ಪಲಿ ತೂರಿ ಬಲಗಾಲಿನ ಅಂಗಾಲಿಗೆ ಮೊಳೆ ಹೊಕ್ಕಿತ್ತು. ರೂಪಾಯಿ ಬಿಲ್ಲೆಯಷ್ಟು ಗಾಯ. ಸಕ್ಕರೆ ಕಾಯಿಲೆ ಸ್ವಲ್ಪ ಇತ್ತು, ಗುಳಿಗೆಗೆ ಬಗ್ಗುವಷ್ಟು. ಇಂಥ ಗಾಯಗಳು ಹಮಾಲರಿಗೆ ವರ್ಷಕ್ಕೆ ಎರಡಾಗುತ್ತವೆ, ಎರಡೂ ಮಾಯುತ್ತವೆ. ಇದು ಮಾತ್ರ ಮಾಯಲೊಲ್ಲದು. ಹತ್ತೊಂಬತ್ತು ವರ್ಷ ಗೂಡ್ಸ್ ಶೆಡ್ಡಿನಲ್ಲಿ ಚೀಲ ಹೊತ್ತ ಮನುಷ್ಯ ಮೊದಲ ಸಲ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಬಿದ್ದುಕೊಂಡಿದ್ದ. ಬಿದ್ದುಕೊಂಡಷ್ಟೂ ಗಾಯ ಆಳವಾಗುತ್ತಿತ್ತು.

ಆರೋಗ್ಯ ಕೇಂದ್ರದ ಡಾಕ್ಟರ್ ಪದ್ಮಜಾ ಸೇಡಂ ಕಡೆಯ ಅರ್ಚಕರ ಮನೆತನದವರು. ಪಟ್ಟಿ ಬಿಚ್ಚುತ್ತ ಪ್ರತಿ ಗುರುವಾರ ಒಂದೇ ಮಾತು ಹೇಳುತ್ತಿದ್ದರು: "ನಮ್ಮಪ್ಪ ದಿನಾ ದೇವರಿಗೆ ಅಲಂಕಾರ ಮಾಡ್ತಾರ, ನಾ ನಿಮ್ಮ ಕಾಲಿಗೆ. ದೇವರರೆ ಹೇಳಿದಲ್ಲಿ ಸುಮ್ಮ ಕುಂದರ್ತಾನ. ನೀವು ನಡೀಲಿಕತ್ತೀರಿ."

"ಇಲ್ರಿ ಬಾಯಾರ."

"ಮತ್ತ ಈ ಹಸೀ ರಕ್ತ ಎಲ್ಲಿಂದ ಬರ್ತದ?"

ಲಾಲಮ್ಮ ಆಣೆ ಹಾಕಿದಳು. "ಸಂಡಾಸಕ್ಕ ಸೈತ ಕುರ್ಚಿ ಮ್ಯಾಲ ಜಗ್ಗಿಕೊಂಡು ಹೋಗ್ತೀನ್ರಿ. ಪಾದ ನೆಲಕ್ಕ ಹತ್ತಿಸಿಲ್ಲ."

"ನೀವು ಮನ್ಯಾಗ ಇದ್ದಾಗ ಹತ್ತಿಸಿಲ್ಲ," ಎಂದರು ಡಾಕ್ಟರು.

ಆ ಮಾತು ಲಾಲಮ್ಮನ ಎದೆಯಲ್ಲಿ ಮೊಳೆಯಂತೆಯೇ ಉಳಿಯಿತು. ಅವಳು ಅಂಗನವಾಡಿಯ ಸಹಾಯಕಿ. ಮುಂಜಾನೆ ಒಂಬತ್ತೂವರೆಗೆ ಹೋದರೆ ಬರುವುದು ನಾಲ್ಕಕ್ಕೆ. ನಡುವಿನ ಆರೂವರೆ ಗಂಟೆ ಈ ಮನುಷ್ಯ ಏನು ಮಾಡುತ್ತಾನೆ? ಕುಡಿಯಲು ಹೋಗುತ್ತಾನೆಯೇ? ಬಾಯಿ ಮೂಸಿ ನೋಡಿದಳು. ಬೀಡಿಯ ವಾಸನೆ ಬಿಟ್ಟರೆ ಬೇರೆ ಪಾಪ ಸಿಗಲಿಲ್ಲ.

ಮರುದಿನ ಕೆಲಸಕ್ಕೆ ಹೊರಡುವಾಗ, ಅವನು ಅತ್ತ ತಿರುಗಿದ್ದ ಹೊತ್ತು ನೋಡಿ, ನೀರೊಲೆಯ ಬೂದಿಯನ್ನು ಜರಡಿ ಹಿಡಿದು ಹೊರಸಿನ ಸುತ್ತ ಪರಸಿಕಲ್ಲಿನ ನೆಲದ ಮೇಲೆ ತೆಳ್ಳಗೆ ಉದುರಿಸಿದಳು. ಶಹಾಬಾದ್ ಕಲ್ಲು ಬೂದಿಯ ಬಣ್ಣದ್ದೇ ಆದ್ದರಿಂದ ಗೊತ್ತಾಗುವಂತಿರಲಿಲ್ಲ. ಅಂಗನವಾಡಿಯಲ್ಲಿ ಅಂದು ಅವಳು ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು. ಮಕ್ಕಳು ತಿಂದವು, ನೀರು ಕುಡಿದವು, ಯಾವುದೂ ದೂರು ಕೊಡಲಿಲ್ಲ.

ನಾಲ್ಕಕ್ಕೆ ಬಂದು ಬಾಗಿಲಲ್ಲೇ ಬಗ್ಗಿ ನೋಡಿದಳು. ಬೂದಿಯಲ್ಲಿ ಹೆಜ್ಜೆ ಮೂಡಿತ್ತು. ಎರಡೇ ಹೆಜ್ಜೆ.

ಬಾಗಿಲ ಕಡೆ ಹೋದ ಹೆಜ್ಜೆ ಇಲ್ಲ, ಅಡುಗೆಮನೆಯ ಕಡೆ ಹೋದದ್ದೂ ಇಲ್ಲ. ಹೊರಸಿನ ಪಕ್ಕ ಎರಡು ಪಾದ, ಜೋಡಿಸಿ ಇಟ್ಟಂತೆ, ಬೆರಳುಗಳು ಬಾಗಿಲ ಕಡೆ. ಬಲಗಾಲಿನ ಗುರುತಿನಲ್ಲಿ ಬೂದಿ ಕೆಸರಾಗಿ, ಕೆಸರು ರಕ್ತಕ್ಕೆ ಕಂದುಬಣ್ಣವಾಗಿತ್ತು. ನಡೆದವನ ಹೆಜ್ಜೆಯಲ್ಲ ಅದು. ಬಹಳ ಹೊತ್ತು ಅಲುಗದೆ ನಿಂತವನದು.

"ಏನ್ರಿ, ಇವತ್ತ ಎದ್ದಿದ್ರೇನು?"

"ಯಾಕ ಏಳಲಿ? ಹುಚ್ಚ ಹಿಡದದೇನು ನನಗ?"

ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಸುಳ್ಳು ಗೊತ್ತಿರುತ್ತದೆ, ಎಡಗಿವಿ ತುರಿಸಿಕೊಳ್ಳುತ್ತಾನೆ. ಅವನು ಕಿವಿ ತುರಿಸಿಕೊಳ್ಳಲಿಲ್ಲ. ಲಾಲಮ್ಮನಿಗೆ ಹೆದರಿಕೆ ಶುರುವಾದದ್ದು ಆಗ. ಸುಳ್ಳು ಹೇಳುವ ಗಂಡನ ಕೂಡ ಬಾಳಬಹುದು. ತಾನು ಎದ್ದು ನಿಂತದ್ದೇ ತನಗೆ ಗೊತ್ತಿಲ್ಲದ ಗಂಡನನ್ನು ಏನು ಮಾಡುವುದು?

ಮುಂದಿನ ಗುರುವಾರ ಆರೋಗ್ಯ ಕೇಂದ್ರದಲ್ಲಿ ಜ್ವರದ ಗದ್ದಲ. ಇವರ ಪಾಳಿ ಬಂದಾಗ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ ಬಾಕಿ. ಡಾಕ್ಟರು ಭೀಮಶ್ಯಾನನ್ನು ಬೆಂಚಿನ ಮೇಲೆ ಕೂರಿಸಿ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ನೂರಾ ನಲವತ್ತು. "ಪರವಾಯಿಲ್ಲ," ಎಂದು ಬರೆದುಕೊಂಡರು. ಪಟ್ಟಿ ತೋಳಿನ ಮೇಲೇ ಇತ್ತು.

ಆಗ ದೂರದ ಗಣಿಯಿಂದ ಸೈರನ್ನಿನ ಭೋಂಗಾ ಕೂಗಿತು.

ಕಲ್ಲುಗಣಿಗಳ ಸೀಮೆಯಲ್ಲಿ ಭೋಂಗಾ ಎಂದರೆ ಹೊಸ ಸುದ್ದಿಯಲ್ಲ. ದಿನಾ ಎರಡಕ್ಕೆ ಐದು ನಿಮಿಷ ಇದ್ದಾಗ ಒಂದು: ಕಲ್ಲಿಗೆ ಮದ್ದಿಟ್ಟು ಸುರಂಗ ಹಾರಿಸುತ್ತೇವೆ, ದೂರ ನಿಲ್ಲಿರಿ. ಎರಡಕ್ಕೆ ಧಡ್ ಎಂದು ನೆಲ ನಡುಗುತ್ತದೆ. ಆಮೇಲೆ ಇನ್ನೊಂದು ಭೋಂಗಾ: ಮುಗಿಯಿತು, ಬರಬಹುದು. ಊರಿನ ಜನ ಅದಕ್ಕೆ ಗಡಿಯಾರ ಹೊಂದಿಸಿಕೊಳ್ಳುತ್ತಾರೆ. ಗೂಡ್ಸ್ ಶೆಡ್ಡಿನಲ್ಲಿ ಮಾತ್ರ ಅದು ಕೇಳುವುದಿಲ್ಲ; ಅಲ್ಲಿ ಹಗಲಿಡೀ ಇಂಜಿನ್ನುಗಳ ರಾಜ್ಯ.

ಭೀಮಶ್ಯಾ ಎದ್ದು ನಿಂತ.

ತೋಳಿನ ಪಟ್ಟಿ, ಅದರ ರಬ್ಬರಿನ ಕೊಳವೆ, ಕೊಳವೆಯ ತುದಿಯ ಪಾದರಸದ ಡಬ್ಬಿ ಎಲ್ಲವೂ ಅವನ ಕೂಡ ಎದ್ದವು. ಲಾಲಮ್ಮ ಡಬ್ಬಿ ಹಿಡಿದಳು. ಅವನು ಎರಡೂ ಕಾಲು ಜೋಡಿಸಿ, ಭಾರವೆಲ್ಲ ಬಲಗಾಲಿಗೆ ಕೊಟ್ಟು, ಕಿಟಕಿಯ ಕಡೆ ನೆಟ್ಟ ಕಣ್ಣು ಮುಚ್ಚದೆ ನಿಂತಿದ್ದ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಡಾಕ್ಟರು ಕೂಗಲಿಲ್ಲ, ಕೂರಿಸಲಿಲ್ಲ. ಸುಮ್ಮನೆ ಪಟ್ಟಿಗೆ ಗಾಳಿ ಒತ್ತಿದರು. ಪಾದರಸ ಇನ್ನೂರಾ ಹತ್ತಕ್ಕೆ ಹೋಗಿ ಬಡಿಯಿತು. ಕಾಲಿನ ಬ್ಯಾಂಡೇಜಿನ ಅಂಚಿನಿಂದ ಕೆಂಪು ನೆಲಕ್ಕೆ ಇಳಿಯಿತು. ತುಟಿ ಅಲುಗುತ್ತಿತ್ತು. ಲಾಲಮ್ಮ ಕಿವಿ ಹತ್ತಿರ ಒಯ್ದಳು.

"ಹಲಗಿ ಖಾಲಿ," ಎನ್ನುತ್ತಿದ್ದ. "ಹಲಗಿ ಖಾಲಿ. ಹಲಗಿ ಖಾಲಿ."

ನೆಲ ನಡುಗಿತು. ಕಪಾಟಿನ ಬಾಟಲಿಗಳು ಗಲಗಲ ಎಂದವು. ಎರಡನೇ ಭೋಂಗಾ ಕೂಗಿದ ಮೇಲೆ ಭೀಮಶ್ಯಾ ಕುಳಿತ. ಸುತ್ತ ನೋಡಿ, "ಆಯ್ತೇನ್ರಿ ಬಾಯಾರ? ಪಟ್ಟಿ ಬಿಚ್ರಿ, ಕೈ ಜೋಮು ಹಿಡಿತು," ಎಂದ.

"ಯಾಕ ನಿಂತಿದ್ರಿ?"

"ಯಾರ ನಿಂತಿದ್ರು?"

ಅವನನ್ನು ಹೊರಗಿನ ಬೆಂಚಿಗೆ ಕಳಿಸಿ ಡಾಕ್ಟರು ಲಾಲಮ್ಮನನ್ನು ಕೂರಿಸಿಕೊಂಡರು. "ನೋಡ್ರಿ, ಹೆದರಿದ ಮೈ ರಿಪೇರಿ ಕೆಲಸ ಬಂದ್ ಮಾಡಿ ಕುಂದರ್ತದ. ಸಕ್ಕರಿ ಏರ್ತದ, ರಕ್ತದ ನಾಳ ಬಿಗೀತಾವ, ನಿದ್ದಿ ಇಲ್ಲ, ಗಾಯಕ್ಕ ಹೋಗೂ ರಕ್ತ ಹೋಗೂದಿಲ್ಲ. ಅದರ ಮ್ಯಾಲ ದಿನಾ ಹತ್ತು ನಿಮಿಷ ಅದೇ ಕಾಲ ಮ್ಯಾಲ ನಿಂದರ್ತಾರ. ನಾ ಏನು ಹಚ್ಚಿದ್ರೇನು?"

"ಕಾಲು ಉಳೀತದಲ್ರಿ?"

ಪದ್ಮಜಾ ಚಂದದ ಸುಳ್ಳು ಹೇಳುವವರಲ್ಲ. "ಎಲುಬಿಗೆ ಹತ್ತಲಿಕತ್ತದ. ಎರಡು ವಾರ ನೋಡ್ತೀನಿ. ಆಮ್ಯಾಲ ಕಲಬುರಗಿಗೆ ಬರದು ಕೊಡ್ತೀನಿ; ಅಲ್ಲಿ ಮೊಣಕಾಲ ಕೆಳಗ ತಗೀತಾರ. ಅವರು ಏನಕ್ಕೋ ನಿಂದರ್ಲಿಕತ್ತಾರ, ಲಾಲಮ್ಮ. ಏನಕ್ಕಂತ ನೀವು ಕೇಳ್ರಿ. ನಾ ಕೇಳಿದ್ರ ಗುಳಿಗಿ ಬದಲು ಮಾಡ್ರಿ ಅಂತಾರ."

ಹಮಾಲನ ಕಾಲೆಂದರೆ ಮನೆಯ ಅರ್ಧ. ಲಾಲಮ್ಮ ಕೇಳಲಿಲ್ಲ, ಮೊದಲು ಉಪಾಯ ಮಾಡಿದಳು. ಶುಕ್ರವಾರ ರಜೆ ಹಾಕಿ ಅವನ ಎರಡೂ ಕಿವಿಗೆ ಅರಳೆ ತುರುಕಿದಳು. ಎರಡಕ್ಕೆ ಐದು ನಿಮಿಷ ಇದ್ದಾಗ ಅವನು ಅರಳೆ ಸಮೇತ ಎದ್ದು ನಿಂತ. ಶನಿವಾರ ತೊಡೆಗೆ ಸೀರೆ ಬಿಗಿದು ಹೊರಸಿಗೆ ಕಟ್ಟಿದಳು. ಅವನು ಹೊರಸಿನ ಸಮೇತ ಏಳಲು ಹೋದ, ಸೀರೆ ಹರಿಯಿತು. ಇನ್ನು ಉಳಿದದ್ದು ಒಂದೇ ದಾರಿ: ಹೊರಸನ್ನು ಒಳಕೋಣೆಗೆ ಸಾಗಿಸಿ, ಕಿಟಕಿ ಮುಚ್ಚಿ, ಟೀವಿ ಜೋರಾಗಿ ಹಾಕುವುದು.

ಭಾನುವಾರ ಮುಂಜಾನೆ ಅವನನ್ನು ಬಚ್ಚಲಲ್ಲಿ ಕುರ್ಚಿಯ ಮೇಲೆ ಕೂರಿಸಿ, ಕೈಗೆ ಚೊಂಬು ಕೊಟ್ಟು, ಲಾಲಮ್ಮ ಹೊರಸಿನ ಕಾಲು ಹಿಡಿದು ಎಳೆದಳು. ಹೊರಸು ಓರೆಯಾಗುತ್ತಲೇ ಕೆಳಗಿನಿಂದ ಠಣ್ ಎಂದಿತು. ಬಗ್ಗಿದಳು. ತಲೆದೆಸೆಯ ಹುರಿಯ ಹೆಣಿಗೆಯೊಳಗೆ ಏನೋ ತೂಗಾಡುತ್ತಿತ್ತು. ಹೊರಸಿಗೆ ಹುರಿ ಬಿಗಿಯುವ ಕೆಲಸ ಯಾವತ್ತೂ ಅವನದೇ. "ಹೆಂಗಸರ ಕೈಗೆ ಬಿಗಿ ಬರೂದಿಲ್ಲ" ಎಂದು ಅವಳನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಗಂಟನ್ನು ಈಳಿಗೆಯಿಂದ ಕೊಯ್ದಳು. ಹಿತ್ತಾಳೆಯ ಗುಂಡು ಬಿಲ್ಲೆ, ಹಸಿರು ಹಿಡಿದದ್ದು. ಸೆರಗಿನಿಂದ ಉಜ್ಜಿದಳು. ನಲವತ್ತೇಳು.

ಆ ನಂಬರು ಅವಳಿಗೆ ಗೊತ್ತಿತ್ತು.

ಶಹಾಬಾದ್ ರಸ್ತೆಯಲ್ಲಿ ಆಗ ಒಂದು ಕಲ್ಲುಗಣಿ ಇತ್ತು. ಈಗ ಅಲ್ಲಿ ನೀರು ನಿಂತು ಎಮ್ಮೆ ಈಜುತ್ತವೆ. ಭೀಮಶ್ಯಾನೂ ಅವನ ದೋಸ್ತ ದೇವಾನಂದನೂ ಅಲ್ಲಿ ಕೆಲಸಕ್ಕಿದ್ದರು. ಗಣಿಯ ಬಾಯಲ್ಲಿ ಮೊಳೆ ಹೊಡೆದ ಒಂದು ಹಲಗೆ. ಕೆಳಗಿಳಿಯುವವನು ತನ್ನ ನಂಬರಿನ ಬಿಲ್ಲೆಯನ್ನು ಮೊಳೆಗೆ ಹಾಕಬೇಕು, ಮೇಲೆ ಬಂದವನು ತೆಗೆದುಕೊಳ್ಳಬೇಕು. ಹಲಗೆ ಖಾಲಿಯಾದರೆ ಗಣಿ ಖಾಲಿ ಎಂದರ್ಥ. ಆಗಲೇ ಭೋಂಗಾ, ಆಗಲೇ ಸುರಂಗ. ಭೀಮಶ್ಯಾನದು ನಲವತ್ತಾರು, ಊಟದ ಡಬ್ಬಿಯ ಮೇಲೆ ಲಾಲಮ್ಮನೇ ಮೊಳೆಯಿಂದ ಗೀಚಿ ಬರೆದಿದ್ದಳು. ನಲವತ್ತೇಳು ದೇವಾನಂದನದು.

ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಲಗೆ ಖಾಲಿಯಿತ್ತು, ಸುರಂಗ ಹಾರಿದಾಗ ದೇವಾನಂದ ಒಳಗಿದ್ದ. ವಿಚಾರಣೆಯ ಕಾಗದ ಬರೆದವರು ಬರೆದದ್ದು ಸರಳವಾಗಿತ್ತು: ಬಿಲ್ಲೆ ಹಲಗೆಯ ಮೇಲಿಲ್ಲ, ಅಂದಮೇಲೆ ಮನುಷ್ಯ ಮೇಲೆ ಬಂದು ಬಿಲ್ಲೆ ತೆಗೆದುಕೊಂಡಿದ್ದಾನೆ, ಬಂದವನು ತನ್ನ ಮನಸ್ಸಿನಿಂದಲೇ ಮತ್ತೆ ಇಳಿದಿದ್ದಾನೆ. ಬಿಲ್ಲೆ ಮಾತ್ರ ಸಿಗಲಿಲ್ಲ; ಕಲ್ಲಿನ ಕೆಳಗೆ ಹೋಗಿರಬೇಕು ಎಂದರು. ಕಾಗದ ಬಿಟ್ಟ ಜಾಗವನ್ನು ಓಣಿ ತುಂಬಿತು. ಅಂದು ಮುಂಜಾನೆ ಅವನ ಹೆಂಡತಿ ರಮಾಬಾಯಿ ಅವನ ಕೂಡ ಜಗಳವಾಡಿ ರೊಟ್ಟಿ ಕಟ್ಟಿ ಕೊಟ್ಟಿರಲಿಲ್ಲ. ಗೋಡೆಯಾಚೆಗೆ ಎಲ್ಲರೂ ಕೇಳಿದ್ದರು. ಸಾಯಲಿಕ್ಕೇ ಇಳಿದ, ಪಾಪ.

ಅವನನ್ನು ಮಣ್ಣು ಮಾಡಿದ ದಿನ ಲಾಲಮ್ಮನೂ ರಮಾಬಾಯಿಯ ಹೆಗಲು ಹಿಡಿದು ಒಂದು ಮಾತು ಹೇಳಿದ್ದಳು: "ಮುಂಜಾನಿ ಎದ್ದು ಜಗಳ ಮಾಡಬಾರದಿತ್ತಕ್ಕಾ." ಸಮಾಧಾನಕ್ಕೆಂದೇ ಹೇಳಿದ್ದು. ತಿಂಗಳೊಳಗೆ ರಮಾಬಾಯಿ ಎರಡು ವರ್ಷದ ಮಗಳು ಕರುಣಾಳನ್ನು ಎತ್ತಿಕೊಂಡು ತವರೂರು ಕೊಡ್ಲಿಗೆ ಹೋದಳು.

"ಲಾಲೀ! ನೀರು ಮುಗೀತು!" ಎಂದು ಬಚ್ಚಲಿನಿಂದ ಕೂಗು ಬಂತು.

ಲಾಲಮ್ಮ ಬಿಲ್ಲೆಯನ್ನು ಹಿಡಿದುಕೊಂಡು ಹೋಗಿ ಒದ್ದೆ ಗಂಡನ ಮುಂದೆ ನಿಂತಳು. ಅಂಗೈ ತೆರೆದಳು. ಭೀಮಶ್ಯಾ ಬಿಲ್ಲೆಯನ್ನು ನೋಡಿದ. ಚೊಂಬು ಕೈಜಾರಿ ಕಲ್ಲಿನ ಮೇಲೆ ಉರುಳುತ್ತ ಹೋಗಿ ಮೋರಿಯ ಬಾಯಲ್ಲಿ ನಿಂತಿತು.

"ನಾವು ದಿನಾ ಹಂಗೇ ಮಾಡ್ತಿದ್ವಿ," ಎಂದ. "ಒಬ್ಬಾಂವ ಇಬ್ಬರ ಬಿಲ್ಲಿ ತಗೀತಿದ್ದ, ಇನ್ನೊಬ್ಬ ಕೈಕಾಲ ತೊಳಕೋತಿದ್ದ. ಎಲ್ಲಾ ಜೋಡಿನೂ ಹಂಗೇ ಮಾಡ್ತಿದ್ರು."

"ಅವತ್ತ?"

"ಅರ್ಧ ಏರಿ ಬಂದಾಂವ, ನಂದೂ ತಗೀ ದೋಸ್ತಾ, ಹಾರಿಕೋಲು ಕೆಳಗ ಮರತೀನಿ, ಬಂದೇಬಿಟ್ಟೆ ಅಂದ. ತಗದೆ. ಭೋಂಗಾದವನು, ಹಲಗಿ ಹ್ಯಾಂಗದ ಅಂತ ಒದರಿದ. ಬಾಯಿಗಿ ರೂಢಿ ಬಿದ್ದಿತ್ತು, ಲಾಲೀ. ಹಲಗಿ ಖಾಲಿ ಅಂದೆ."

ಲಾಲಮ್ಮ ಚೊಂಬನ್ನು ಎತ್ತಿ ಪಕ್ಕಕ್ಕಿಟ್ಟಳು.

"ಭೋಂಗಾ ಆಯ್ತು. ಆಗ ನೆನಪಾಯ್ತು. ಐದು ನಿಮಿಷ ಇತ್ತು, ತಳದಿಂದ ಏರಿ ಬರಲಿಕ್ಕ ಅದು ಸಾಲೂದಿಲ್ಲ. ಒದರಬೇಕಂತ ಬಾಯಿ ತಗದೆ, ದನಿ ಬರಲಿಲ್ಲ. ಓಡಬೇಕಂದ್ರ ಕಾಲು ನೆಲಕ್ಕ ಹತ್ತಿಬಿಟ್ಟಿದ್ವು. ಎರಡೂ ಬಿಲ್ಲಿ ಕೈಯಾಗ ಹಿಡಕೊಂಡು ನಿಂತೇ ಇದ್ದೆ." ಮೋರಿಯ ಕಡೆ ನೋಡಿ, "ಯಾರೂ ನನಗ ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ದೆ," ಎಂದ, ಎಂದವನು ಎಡಗಿವಿ ತುರಿಸಿಕೊಂಡ.

ಲಾಲಮ್ಮನಿಗೆ ಎರಡು ದಿನ ಬೇಕಾಯಿತು. ಬಿಲ್ಲೆಯನ್ನು ಕಲ್ಲುಗಣಿಯ ನೀರಿಗೆ ಎಸೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹತ್ತೊಂಬತ್ತು ವರ್ಷ ಗೊತ್ತಾಗಿಲ್ಲ. ಆದರೆ ಅವನ ಅಂಗಾಲಿಗೆ ಗೊತ್ತಿತ್ತು. ಅದು ದಿನಾ ಎರಡಕ್ಕೆ ಐದು ನಿಮಿಷ ಇದ್ದಾಗ ಎದ್ದು ನಿಂತು ಹೇಳುತ್ತಿತ್ತು. ಬುಧವಾರ ಮುಂಜಾನೆ ಲಾಲಮ್ಮ ಟ್ರಂಕಿನಿಂದ ಇಸ್ತ್ರಿ ಅಂಗಿ ತೆಗೆದಳು.

"ಎಲ್ಲಿಗಿ?"

"ಕೊಡ್ಲಿಗಿ."

"ನಾ ಬರಂಗಿಲ್ಲ."

"ಬ್ಯಾಡ. ಕಾಲು ಕಲಬುರಗಿಗಿ ಹೋಗ್ತದ, ನೀವು ಮನ್ಯಾಗ ಇರ್ರಿ."

ವಾಡಿಯಿಂದ ಚಿತ್ತಾಪುರ, ಚಿತ್ತಾಪುರದಿಂದ ಕಾಳಗಿಯ ಬಸ್ಸು. ಭೀಮಶ್ಯಾನ ಬಲಗಾಲು ಹೆಂಡತಿಯ ತೊಡೆಯ ಮೇಲೆ. ಕಂಡಕ್ಟರು ಬಂದು ಕಾಲನ್ನೂ ಅವಳನ್ನೂ ನೋಡಿ, "ಅಕ್ಕೋರ ನಿಮ್ಮದು ಪುಕ್ಕಟ. ಯಜಮಾನ್ರದು ಪೂರಾ ಟಿಕೇಟು. ಈ ಕಾಲು ನಿಮ್ಮ ಕಡೆ ಬಂದದ, ಅದನ್ನ ಯಾರ ಖಾತೇಕ್ಕ ಹಚ್ಚಲಿ?" ಎಂದ. ಹಿಂದಿನ ಸೀಟಿನವರು ನಕ್ಕರು. ಭೀಮಶ್ಯಾ ನಗಲಿಲ್ಲ.

ದಂಡೋತಿಯ ಬಳಿ ಬಸ್ಸು ನಿಂತಿತು. ಕಾಗಿಣಾ ಹೊಳೆ ಹಿಂದಿನ ದಿನವಷ್ಟೇ ಸೇತುವೆಯಿಂದ ಇಳಿದಿತ್ತು. ಕಂಬಿಗಳಿಗೆ ಕಸಕಡ್ಡಿ ಜೋತಾಡುತ್ತಿತ್ತು, ಕೆಂಪು ನೀರು ಗೇಣಷ್ಟೇ ಕೆಳಗೆ ಗುರುಗುಟ್ಟುತ್ತಿತ್ತು. ಡ್ರೈವರ್ ಇಳಿದು, ಬೀಡಿ ಹಚ್ಚಿ, ನದಿಯನ್ನು ಪರೀಕ್ಷೆ ಮಾಡಿದ.

"ಹೋಗೂದಿಲ್ಲ ಕಾಣ್ತದ," ಎಂದ ಭೀಮಶ್ಯಾ. ಅವನ ದನಿಯಲ್ಲಿ ಆ ವಾರದ ಮೊದಲ ಲವಲವಿಕೆ ಇತ್ತು. "ಮುಂದಿನ ವಾರ ಬರೂಣೇನು?"

ಡ್ರೈವರ್ ಬೀಡಿಯನ್ನು ನದಿಗೆ ಎಸೆದು ಬಂದು ಗಾಡಿ ಬಿಟ್ಟ. ಸೇತುವೆಯ ಉದ್ದಕ್ಕೂ ಬಸ್ಸಿನೊಳಗೆ ಯಾರೂ ಮಾತಾಡಲಿಲ್ಲ. ಆಚೆ ದಡ ಮುಟ್ಟಿದಾಗ ಎಲ್ಲರೂ ಉಸಿರು ಬಿಟ್ಟರು, ಒಬ್ಬನ ಹೊರತು.

ಕೊಡ್ಲಿಯಲ್ಲಿ ರಮಾಬಾಯಿಯ ಮನೆ ಮುಟ್ಟಿದಾಗ ಒಂದೂ ಕಾಲು. ಅವಳು ಬಾಗಿಲಿಗೆ ಬಂದಳು. ಮೊದಲಿನ ಗಟ್ಟಿಮುಟ್ಟು ಹೆಂಗಸು ಈಗ ಒಣಗಿದ ತೊಗರಿಕಟ್ಟಿಗೆಯಂತಿದ್ದಳು.

"ಜೈ ಭೀಮ್ ಅಕ್ಕಾ."

"ಜೈ ಭೀಮ್. ಬರ್ರಿ, ಒಳಗ ಬರ್ರಿ. ಭೀಮಶ್ಯಾ, ಏನಾಯ್ತೋ ಕಾಲಿಗಿ? ಕುಂದ್ರು. ಈ ಬಿಸಿಲಾಗ ಉಣ್ಣದಽ ಬಂದೀರಿ ಕಾಣ್ತದ."

ಬೇಡವೆಂದರೆ ಕೇಳುವ ಸೀಮೆಯಲ್ಲ ಅದು. ಅವಳು ಒಲೆ ಹೊತ್ತಿಸಿ ಜೋಳದ ಹಿಟ್ಟು ನಾದತೊಡಗಿದಳು. ಮಗಳು ಕರುಣಾ ಸೇಡಂನಲ್ಲಿ ಶಾಲೆ ಕಲಿಸುತ್ತಾಳೆ, ಈ ಸಲ ತೊಗರಿ ಪರವಾಗಿಲ್ಲ, ಎಂದೆಲ್ಲ ಹೇಳುತ್ತ ಹೋದಳು. ರೊಟ್ಟಿ ಬಡಿಯುವ ಸದ್ದಿನ ನಡುವೆ ಮಾತು. ಭೀಮಶ್ಯಾ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಲಾಲಮ್ಮ ಭೀಮಶ್ಯಾನನ್ನು ನೋಡುತ್ತಿದ್ದಳು. ಒಂದೂವರೆ. ಒಂದೂ ಮುಕ್ಕಾಲು. ಬಾಯಿ ತೆಗೆ ಮಾರಾಯಾ, ಎಂದು ಕಣ್ಣಿನಲ್ಲೇ ತಿವಿದಳು. ಅವನು ಕಣ್ಣನ್ನು ಗಡಿಯಾರಕ್ಕೇ ಒಯ್ದ.

"ನೀವೂ ನಮ್ಮ ಕೂಡ ಉಣ್ರಿ ಅಕ್ಕಾ."

"ನಂದು ಅಂಬಲಿ," ಎಂದಳು ರಮಾಬಾಯಿ. "ರೊಟ್ಟಿ ಗಂಟಲಾಗ ಇಳಿಯೂದಿಲ್ಲ. ಅವರು ಹೋದಾಗಿಂದ. ಕಲಬುರಗಿಯಾಗ ಗಂಟಲಿಗಿ ಪೈಪು ಇಳಿಸಿ ನೋಡಿದ್ರು. ಪೈಪು ಇಳೀತು, ರೊಟ್ಟಿ ಇಳಿಯವಲ್ದು. ಡಾಕ್ಟರಗ ಸಿಟ್ಟು ಬಂತು, ಏನೂ ಇಲ್ಲ ನಿನಗ, ಹೋಗು ಅಂದ." ನಗುವಂತೆ ಮಾಡಿ, ಇನ್ನೊಂದು ಮುದ್ದೆ ಹಿಟ್ಟು ತೆಗೆದುಕೊಂಡಳು. "ಅವತ್ತ ನಾ ರೊಟ್ಟಿ ಕೊಡಲಿಲ್ಲಲ್ಲ. ಅದಕ್ಕಽ."

ಲಾಲಮ್ಮ ನೀರಿನ ಲೋಟ ಕೆಳಗಿಟ್ಟಳು. ಗಡಿಯಾರದಲ್ಲಿ ಎರಡಕ್ಕೆ ಐದು ನಿಮಿಷ.

ಕೊಡ್ಲಿಯಲ್ಲಿ ಭೋಂಗಾ ಇಲ್ಲ. ಆ ಹೊತ್ತಿಗೆ ಅಲ್ಲಿ ಒಂದು ಕೋಳಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಭೀಮಶ್ಯಾ ಎದ್ದು ನಿಂತ. ಕಾಲು ಜೋಡಿಸಿದ. ಗಲ್ಲದಿಂದ ಬೆವರಿಳಿಯಿತು.

"ಯಾಕೋ? ಏನ್ ಬೇಕಾಗಿತ್ತು?" ಎಂದಳು ರಮಾಬಾಯಿ. ಆಮೇಲೆ ನೆಲ ನೋಡಿ, "ಅಯ್ಯ, ರಕ್ತ ಬರಾಕತ್ತದಲ್ಲೋ! ಕುಂದ್ರು!"

ಲಾಲಮ್ಮ ಎದ್ದು ಸೆರಗಿನ ಗಂಟು ಬಿಚ್ಚಿ ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟಳು. ಅಷ್ಟೇ ಅವಳು ಮಾಡಿದ್ದು. ಅವನ ಬೆರಳುಗಳು ತಾವಾಗಿಯೇ ಮುಚ್ಚಿಕೊಂಡವು.

"ವೈನೀ," ಎಂದ ಭೀಮಶ್ಯಾ. ದನಿ ಯಾರದೋ ಗಂಟಲಿನಿಂದ ಬಂದಂತಿತ್ತು. "ದೇವ್ಯಾ ಬಿಲ್ಲಿ ತಗೊಂಡಿರಲಿಲ್ಲ. ನಾ ತಗದೆ. ಅಂವ ಮ್ಯಾಲ ಬಂದೇ ಇರಲಿಲ್ಲ, ಅರ್ಧಕ್ಕ ತಿರುಗಿ ಇಳಿದಿದ್ದ. ಹಲಗಿ ಖಾಲಿ ಅಂತ ನಾ ಒದರಿದೆ."

ರೊಟ್ಟಿ ಬಡಿಯುವ ಸದ್ದು ನಿಂತಿತು.

ಹೆಂಚಿನ ಮೇಲಿದ್ದ ರೊಟ್ಟಿ ಹೊಗೆಯಾಡತೊಡಗಿತು. ಯಾರೂ ತಿರುವಿ ಹಾಕಲಿಲ್ಲ. ಅವನು ಎಲ್ಲವನ್ನೂ ಹೇಳಿದ, ನಿಂತೇ ಹೇಳಿದ. ಹಾರಿಕೋಲು, ಎರಡು ಬಿಲ್ಲೆ, ಬಾರದ ದನಿ. ಗಡಿಯಾರ ಎರಡು ದಾಟಿತು. ನೆಲ ನಡುಗಲಿಲ್ಲ. ಎರಡನೇ ಭೋಂಗಾ ಕೂಗುವವರು ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವನಿಗೆ ಕೂರಲು ಆಗಲಿಲ್ಲ. ಬ್ಯಾಂಡೇಜು ಪೂರ್ತಿ ಕೆಂಪಾಗಿತ್ತು.

ರಮಾಬಾಯಿ ಹಿಟ್ಟಿನ ಕೈಯಲ್ಲೇ ಬಂದು ಅವನ ಮುಂದೆ ನಿಂತಳು. ಹೊಡೆಯುತ್ತಾಳೆಂದು ಲಾಲಮ್ಮನಿಗೆ ಅನ್ನಿಸಿತು. ಹೊಡೆದರೆ ನಡುವೆ ಹೋಗಬಾರದೆಂದೂ ಅನ್ನಿಸಿತು.

"ಅವರು ಕಡೀಗೆ ಏನಂದ್ರು?"

"ಹಾರಿಕೋಲು ಮರತೀನಿ ಅಂದ."

"ಮತ್ತ?"

"ಮತ್ತ..." ಭೀಮಶ್ಯಾ ಕಣ್ಣು ಮುಚ್ಚಿದ. "ಇಳಿಯುವಾಗ ನಕ್ಕ. ಇವತ್ತ ಸಂಜಿಗಿ ಮನ್ಯಾಗ ರೊಟ್ಟಿ ಸಿಗ್ತಾವ ಇಲ್ಲೋ ನೋಡಬೇಕು, ಸಿಗಲಿಲ್ಲಂದ್ರ ನಿನ್ನ ಮನಿಗಿ ಬರ್ತೀನಿ ಅಂದ."

"ಸಂಜಿಗಿ ಅಂದ್ರಾ?"

"ಸಂಜಿಗಿ ಅಂದ."

ರಮಾಬಾಯಿ ಆ ಮಾತನ್ನು ತುಟಿಯೊಳಗೆ ಎರಡು ಸಲ ಹೇಳಿಕೊಂಡಳು. ಆಮೇಲೆ ಅವನ ಬೆರಳು ಒಂದೊಂದಾಗಿ ಬಿಡಿಸಿ ಬಿಲ್ಲೆ ತೆಗೆದುಕೊಂಡಳು.

"ಹತ್ತೊಂಬತ್ತು ವರ್ಷ," ಎಂದಳು. ಕೂಗಲಿಲ್ಲ. "ನನ್ನ ಮಗಳಿಗಿ ಸಾಲ್ಯಾಗ, ನಿಮ್ಮಪ್ಪ ನಿಮ್ಮವ್ವನ ಸಲುವಾಗಿ ಸತ್ತ ಅಂದಾರ. ನಾನೂ ಹೌದು ಅಂದೀನಿ." ಅವಳ ಹಿಟ್ಟಿನ ಬೆರಳ ಗುರುತು ಅವನ ಕೈಮೇಲೆ ಬಿಳಿಯಾಗಿ ಉಳಿದಿತ್ತು. "ಕುಂದ್ರು."

ಅವನು ಕುಳಿತ. ಕುಳಿತವನು ಮೊದಲ ಸಲ ಅತ್ತ; ಅದು ನೋಡುವಂತಿರಲಿಲ್ಲ.

ಲಾಲಮ್ಮ ಅವಳ ಕಡೆ ತಿರುಗಿದಳು. "ಅಕ್ಕಾ, ಮಣ್ಣಿನ ದಿನ ನಾನೂ ಒಂದ ಮಾತ ಅಂದಿದ್ದೆ..."

"ನೆನಪದ," ಎಂದಳು ರಮಾಬಾಯಿ.

ಕರಕಾದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು, ಉಳಿದವನ್ನು ಇಬ್ಬರ ತಾಟಿಗೆ ಹಾಕಿ, ಪುಂಡಿಪಲ್ಯ ಬಡಿಸಿದಳು. "ಉಣ್ರಿ. ಉಪವಾಸ ಕಳಿಸಿ ನನಗ ಸಾಕಾಗೇದ. ಬರೂ ಆಯತ್ವಾರ ವಾಡಿ ಬುದ್ಧ ವಿಹಾರದಾಗ ಮಂದಿ ಕೂಡಿದಾಗ ಇದನ್ನ ಹೇಳಬೇಕು, ಭೀಮಶ್ಯಾ. ಕರುಣಾ ಬರ್ತಾಳ ಕೇಳಲಿಕ್ಕ. ನಿಂತು ಹೇಳಬ್ಯಾಡ, ಕುಂತು ಹೇಳು. ನನ್ನ ಮನಿಗಿ ಮತ್ತ ಬರಬ್ಯಾಡ್ರಿ."

ಅವರು ಉಂಡರು. ಇಷ್ಟು ಕಷ್ಟದ ಊಟವನ್ನು ಲಾಲಮ್ಮ ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಕೈ ತೊಳೆಯಲು ಎದ್ದಾಗ ಓರೆಗಣ್ಣಿನಲ್ಲಿ ನೋಡಿದಳು: ರಮಾಬಾಯಿ ಒಲೆಯ ಮುಂದೆ ಇವರಿಗೆ ಬೆನ್ನು ಮಾಡಿ ಕುಳಿತು, ಕರಕಾದ ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡು, ಅಗಿಯುತ್ತ, ಅಗಿಯುತ್ತ ಇದ್ದಳು. ನುಂಗಿದಳೋ ಇಲ್ಲವೋ ಕಾಣಲಿಲ್ಲ.

ಭಾನುವಾರ ವಿಹಾರದಲ್ಲಿ ಭೀಮಶ್ಯಾ ಕುರ್ಚಿಯ ಮೇಲೆ ಕುಳಿತು ಹೇಳಿದ. ಹೇಳಿ ಮುಗಿಸಲು ಆರು ನಿಮಿಷ ಹಿಡಿಯಿತು. ಕರುಣಾ ಮುಂದಿನ ಸಾಲಿನಲ್ಲಿ ಕುಳಿತು ಕೇಳಿ, ಎದ್ದು ಹೋದಳು. ಅಂಬುಬಾಯಿ ಬಿಕ್ಕಿ ಬಿಕ್ಕಿ ಅತ್ತು, ತನಗೆ ಮೊದಲಿನಿಂದಲೂ ಸಂಶಯ ಇತ್ತೆಂದು ಹೊರಗೆ ಬಂದ ಎಲ್ಲರಿಗೂ ತಿಳಿಸಿದಳು.

ಮರುದಿನ ಎರಡಕ್ಕೆ ಐದು ನಿಮಿಷ ಇದ್ದಾಗ ಭೋಂಗಾ ಕೂಗಿತು. ಒಳಕೋಣೆಯ ಹೊರಸಿನ ಮೇಲೆ ಭೀಮಶ್ಯಾ ಹುರಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೆವರಿದ. ಏಳಲಿಲ್ಲ.

ಕಲಬುರಗಿಯಲ್ಲಿ ಕಾಲಿನ ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಗಾಯ ಅಲ್ಲಿಂದ ಹನ್ನೊಂದನೆಯ ವಾರಕ್ಕೆ ಮುಚ್ಚಿತು. ರಮಾಬಾಯಿ ದಿನಕ್ಕೆ ಅರ್ಧ ರೊಟ್ಟಿ ತಿನ್ನುತ್ತಾಳೆ. ಇವರ ಕೂಡ ಮಾತಾಡುವುದಿಲ್ಲ.